ಹೊಳೆದಂಡೆಯ ಬರಹದ ಕಲ್ಲು ಓದುವ ಬಗೆ

ಆನೆಗೊಂದಿ, ಹುಲಿಗಿ, ಕಂಪ್ಲಿಯಂಥ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಗುಡಿಯ ಬಾಗಿಲ ಪಕ್ಕ, ಅಗಸೆಯ (ಊರ ಹೆಬ್ಬಾಗಿಲ) ಮಗ್ಗುಲಲ್ಲಿ, ಹೊಳೆಯ ಮೆಟ್ಟಿಲ ಮೇಲೆ, ಗದ್ದೆಯ ಬದುವಿನಲ್ಲಿ ಬರಹದ ಕಲ್ಲುಗಳು ನಿಂತಿವೆ, ಒರಗಿವೆ, ಬಿದ್ದಿವೆ. ಗೋಪುರ ನೋಡಲು ಬಂದವರು ಅವಕ್ಕೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚುತ್ತಾರೆ. ಆ ಗುಡಿಗೆ ಹೊಲ ಬಿಟ್ಟವರು ಯಾರು, ನಂದಾದೀಪದ ಎಣ್ಣೆಗೆ ಎಷ್ಟು ಹಣ ಇಟ್ಟರು, ಕೆರೆ ಕಟ್ಟಿಸಿದವರು ಯಾರು ಎಂಬುದೆಲ್ಲ ಬೆನ್ನ ಹಿಂದೆಯೇ ಇರುತ್ತದೆ. ಕನ್ನಡ ಓದಲು ಬರುವ ಯಾರಾದರೂ ಪಟ್ಟು ಹಿಡಿದು ಕೂತರೆ ವಿಜಯನಗರ ಕಾಲದ ಕಲ್ಲಿನ ಅರ್ಧದಷ್ಟನ್ನು ಓದಬಹುದು. ಕಲ್ಯಾಣದ ಚಾಲುಕ್ಯರ ಕಾಲದ್ದಕ್ಕೆ ಇನ್ನಷ್ಟು ತಾಳ್ಮೆ ಬೇಕು.

ಎರಡು ಕಟ್ಟಳೆ ಮೊದಲೇ ಮನಸ್ಸಿಗೆ ಬರಲಿ. ಕಲ್ಲನ್ನು ಉಜ್ಜಿ ಓದುವುದಲ್ಲ, ಬೆಳಕು ಹೊಂದಿಸಿ ಓದುವುದು. ಕಾಣದ ಅಕ್ಷರವನ್ನು ಊಹಿಸಿ ತುಂಬುವುದಲ್ಲ, ಖಾಲಿ ಬಿಡುವುದು. ಮುಂದಿನದೆಲ್ಲ ಇವೆರಡನ್ನು ಪಾಲಿಸುವ ದಾರಿ.

ಕಾಲ ಮತ್ತು ಅಪ್ಪಣೆ

ಹೊಳೆಯ ಮೆಟ್ಟಿಲು, ಬಂಡೆ, ನಡುಗಡ್ಡೆಗಳ ಮೇಲಿನ ಬರಹ ಕಾಣುವುದು ಫೆಬ್ರವರಿಯಿಂದ ಮೇ ತನಕ, ನೀರು ಇಳಿದಾಗ. ಜುಲೈನಿಂದ ಅಕ್ಟೋಬರ್‌ವರೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತಲೇ ಏರುತ್ತದೆ. ಆ ದಿನಗಳಲ್ಲಿ ಹರಿಗೋಲು ಹತ್ತಬೇಡಿ, ಬಂಡೆಯ ಮೇಲೆ ಇಳಿಯಬೇಡಿ. ಬೇಸಿಗೆಯಲ್ಲೂ ಮಡುವಿನ ಪಕ್ಕ ಕೂರುವ ಮೊದಲು ಮೀನುಗಾರರನ್ನು ವಿಚಾರಿಸಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಗಂಗಾವತಿ, ಸಿರುಗುಪ್ಪ ಕಡೆಯ ಗದ್ದೆಯ ಕಲ್ಲುಗಳಿಗೆ ಲೆಕ್ಕ ಬೇರೆ: ಭತ್ತ ಕೊಯ್ದು ನೆಲ ಒಣಗಿದ ಮೇಲೆ ಹೋಗಬೇಕು. ಪೈರಿರುವಾಗ ಬದು ತುಳಿದು ಹೋದವರಿಗೆ ಮರುವರ್ಷ ಆ ಹೊಲದಲ್ಲಿ ಕಾಲಿಡಲು ರೈತ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಅಪ್ಪಣೆಯಲ್ಲಿ ಮೂರು ತರಹ. ನೀಲಿ ಫಲಕ ಹಾಕಿದ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಸ್ಮಾರಕವಾದರೆ, ಇಲ್ಲವೇ ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ, ಕಣ್ಣಿಂದ ನೋಡಿ ಬರೆದುಕೊಳ್ಳುವುದಕ್ಕಿಂತ ಮುಂದಿನ ಯಾವ ಕೆಲಸಕ್ಕೂ ಬರಹದ ಅನುಮತಿ ಬೇಕು. ನೀರು ಹಾಕುವುದು, ಕಾಗದ ಅಂಟಿಸುವುದು ಎರಡೂ ಅದರಲ್ಲಿ ಬರುತ್ತವೆ. ಆನೆಗೊಂದಿಯೂ ಸುತ್ತಲಿನ ಹಳ್ಳಿಗಳೂ ಹಂಪಿ ವಿಶ್ವ ಪರಂಪರೆಯ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿವೆ ಎಂಬುದೂ ನೆನಪಿರಲಿ. ಎರಡನೆಯದು ಪೂಜೆ ನಡೆಯುವ ಗುಡಿ. ಅಲ್ಲಿ ಪೂಜಾರರನ್ನೂ ಊರ ಹಿರಿಯರನ್ನೂ ಕೇಳಬೇಕು. ಮಾಧ್ವ ಯತಿಗಳ ಒಂಬತ್ತು ಸಮಾಧಿಗಳಿರುವ ನವವೃಂದಾವನದ ಗಡ್ಡೆಯಂಥ ಮಡಿಯ ಜಾಗದಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂದು ಅಲ್ಲಿನವರು ಹೇಳುತ್ತಾರೆ, ಅಷ್ಟಕ್ಕೇ ನಿಲ್ಲಿ. ಮೂರನೆಯದು ಹೊಲ, ಹಿತ್ತಲಿನ ಕಲ್ಲು. ಅದಕ್ಕೆ ಹೊಲದ ಯಜಮಾನರ ಒಪ್ಪಿಗೆ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಆಗುತ್ತದೆ. ‘ಶಾಸನ ಎಲ್ಲಿದೆ’ ಎಂದರೆ ಗೊತ್ತಿಲ್ಲ ಎಂಬ ಉತ್ತರ ಬರಬಹುದು. ‘ಅಜ್ಜಾರ, ಅಕ್ಷರ ಬರ್ದಿದ್ದ ಕಲ್ಲು ನಿಮ್ಮೂರಾಗ ಎಲ್ಲೆಲ್ಲಿ ಅದಾವ್ರೀ? ಅದಕ್ಕ ಏನಂತ ಕರೀತೀರಿ?’ ಎಂದು ಕೇಳಿ. ಕಲ್ಲಿಗೆ ಊರಿನವರು ಇಟ್ಟ ಹೆಸರನ್ನು ಕೇಳಿದ ಹಾಗೇ ಬರೆದುಕೊಳ್ಳಿ. ನಿಮ್ಮ ನಂತರ ಬರುವವರಿಗೆ ಕಲ್ಲು ಸಿಗುವುದು ಆ ಹೆಸರಿನಿಂದಲೇ.

ಒಯ್ಯಬೇಕಾದ ಸಾಮಾನು

5 ಮೀಟರ್ ಟೇಪು, 30 ಸೆಂ.ಮೀ. ಪಟ್ಟಿ, 2-3 ಇಂಚಿನ ಮೆತ್ತನೆಯ ಬಣ್ಣದ ಬ್ರಷ್ (ಹೊಸದು, ಬಣ್ಣಕ್ಕೆ ಎಂದೂ ಅದ್ದದಿರುವಂಥದ್ದು), ಸೀಳಿದ ಬಿದಿರ ಕಡ್ಡಿ, 5 ಲೀಟರ್ ನೀರು ಮತ್ತು ಒಂದು ಸ್ಪ್ರೇ ಬಾಟಲಿ, ಹಳೆಯ ಹತ್ತಿಬಟ್ಟೆ, ಒಂದಡಿಗೆ ಒಂದೂವರೆ ಅಡಿಯ ಕನ್ನಡಿ, ಬೆಳಕು ಒಂದೇ ಕಡೆ ಬೀಳುವ ಟಾರ್ಚ್, ಕರಿ ಛತ್ರಿ, ದಪ್ಪ ರಟ್ಟಿನ ನೋಟ್‌ಬುಕ್, ಪೆನ್ಸಿಲ್. ಪೆನ್ನು ಬೇಡ, ಬೆವರ ಕೈ ತಾಗಿ ಶಾಯಿ ಹರಡುತ್ತದೆ. ತಂತಿ ಬ್ರಷ್, ಚಾಕು, ಸೀಮೆಸುಣ್ಣ, ಸಾಬೂನಿನ ಪುಡಿ ಚೀಲದಲ್ಲಿ ಇರಲೇಬಾರದು. ಇದ್ದರೆ ಯಾವುದೋ ಗಳಿಗೆಯಲ್ಲಿ ಕೈ ಅತ್ತ ಹೋಗುತ್ತದೆ.

ಯಾವ ಕಲ್ಲು ಎಂದು ಮೊದಲು ಗುರುತಿಸಿ

ಓದುವ ಮುಂಚೆ ನಾಲ್ಕು ಹೆಜ್ಜೆ ದೂರ ನಿಂತು ಇಡೀ ಕಲ್ಲನ್ನು ನೋಡಿ. ತಲೆಯ ಭಾಗದಲ್ಲಿ ನಡುವೆ ಲಿಂಗ, ಪೂಜಾರಿ, ಒಂದು ಕಡೆ ಕರುವಿಗೆ ಹಾಲೂಡುವ ಆಕಳು, ಮೇಲೆ ಸೂರ್ಯ ಚಂದ್ರ ಇದ್ದರೆ ಶಿವಾಲಯಕ್ಕೆ ಬಿಟ್ಟ ದಾನದ ಶಾಸನ. ಆ ಜಾಗದಲ್ಲಿ ಕೂತ ಜಿನಬಿಂಬ, ಮೇಲೆ ಮುಕ್ಕೊಡೆ ಇದ್ದರೆ ಬಸದಿಯದ್ದು. ಕೋಪಣ, ಅಂದರೆ ಈಗಿನ ಕೊಪ್ಪಳ, ದೊಡ್ಡ ಜೈನತೀರ್ಥವಾಗಿದ್ದುದರಿಂದ ಅದರ ಸುತ್ತ ಸಲ್ಲೇಖನದಿಂದ (ಉಪವಾಸದ ವ್ರತ ಹಿಡಿದು) ದೇಹ ಬಿಟ್ಟವರ ನಿಸಿದಿ ಬರಹಗಳೂ ಸಿಗುತ್ತವೆ. ಕೊಡೆ, ಕಮಂಡಲ ಹಿಡಿದ ಗಿಡ್ಡ ವಾಮನ ಇದ್ದರೆ ಬ್ರಾಹ್ಮಣರಿಗೋ ವಿಷ್ಣುಗುಡಿಗೋ ಬಿಟ್ಟ ಭೂಮಿಯ ಎಲ್ಲೆಗಲ್ಲು. ಬರೀ ಲಿಂಗ ಕೊರೆದದ್ದು ಲಿಂಗಮುದ್ರೆ ಕಲ್ಲು, ಅದರಲ್ಲಿ ಬರಹ ಇರುವುದು ಕಡಿಮೆ. ಹಂದಿ, ಕಠಾರಿ, ಸೂರ್ಯ ಚಂದ್ರ ಒಟ್ಟಿಗೆ ಇದ್ದರೆ ವಿಜಯನಗರದ ರಾಜಮುದ್ರೆ.

ವೀರಗಲ್ಲಿನಲ್ಲಿ ಕತೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಬರಹ ಇರುವುದು ಈ ಚಿತ್ರಗಳ ನಡುವಿನ ಪಟ್ಟಿಯಲ್ಲಿ. ಕೆಳಗಿನ ಚಿತ್ರದಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದಾಗಿನ ಕಾಳಗ. ಬಳೆ ತೊಟ್ಟ ಕೈಯೊಂದು ಕಂಬದಿಂದ ಚಾಚಿ ನಿಂತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು.

ಕಲ್ಲಿನ ಜಾತಿಯೂ ಮುಖ್ಯ. ಇಟಗಿಯ ಮಹಾದೇವ ಗುಡಿಯಂಥ ಚಾಲುಕ್ಯರ ಕಟ್ಟಡಗಳಲ್ಲಿ ಬಳಸಿದ್ದು ನಯವಾದ ಬಳಪದ ಕಲ್ಲು. ಅದರಲ್ಲಿ ಅಕ್ಷರ ಸಣ್ಣದು, ಆಳ, ಅಂಚು ಚೂಪು. ಆನೆಗೊಂದಿಯ ಸುತ್ತಿನದು ಗಟ್ಟಿ ಗ್ರಾನೈಟು. ಕಾಳು ಕಾಳಾದ ಮೈ, ಅಕ್ಷರ ದೊಡ್ಡದು ಆದರೆ ತೆಳುವು. ಗ್ರಾನೈಟಿನ ಸಹಜ ಕುಳಿಯನ್ನು ಸೊನ್ನೆ ಎಂದು ಓದಿಬಿಡುವುದು ಹೊಸಬರೆಲ್ಲ ಮಾಡುವ ತಪ್ಪು. ಬೆರಳ ತುದಿಯಿಂದ ಹಗುರಾಗಿ ಸವರಿ ನೋಡಿ. ಉಳಿಯ ಗೆರೆಗೆ ಎರಡು ದಂಡೆ ಇರುತ್ತವೆ, ಮಳೆ ಕೊರೆದ ಕುಳಿಗೆ ದಂಡೆ ಇರುವುದಿಲ್ಲ.

ಬರಹವೆಲ್ಲ ಕನ್ನಡವೇ ಎಂದುಕೊಳ್ಳಬೇಡಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, 1915ರಲ್ಲಿ ಪತ್ತೆಯಾದ ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಅಶೋಕನ ಬಂಡೆಬರಹ ಬ್ರಾಹ್ಮೀ ಲಿಪಿಯವು, ಭಾಷೆ ಪ್ರಾಕೃತ. ಕಡ್ಡಿ, ಕೊಡಲಿ, ಶಿಲುಬೆಯಂಥ ಬಿಡಿ ಬಿಡಿ ಗುರುತು ಕಂಡರೆ ಮುಟ್ಟದೆ ಫೋಟೊ ತೆಗೆದು ತಿಳಿದವರಿಗೆ ಕಳಿಸಿ.

ತೊಳೆಯುವುದು: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಅನುಮತಿ ಇರುವ ಕಲ್ಲಿಗೆ ಮೊದಲು ಒಣ ಬ್ರಷ್ ಮೇಲಿಂದ ಕೆಳಗೆ ಆಡಿಸಿ. ಅಕ್ಷರದೊಳಗೆ ಗಟ್ಟಿಯಾದ ಮಣ್ಣಿದ್ದರೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ, ಆಮೇಲೆ ಬಿದಿರ ಕಡ್ಡಿಯಿಂದ ಗೆರೆಯ ಗುಂಟ ತೆಗೆಯಿರಿ. ಗೆರೆಗೆ ಅಡ್ಡಲಾಗಿ ಕೆರೆಯಬೇಡಿ. ಕಲ್ಲು ಮೈ ಎದ್ದು ಪದರ ಪದರವಾಗಿದ್ದರೆ ನೀರು ಕೂಡ ಬೇಡ, ಒಣ ಬ್ರಷ್ಷೂ ಬೇಡ. ಪದರದ ಜೊತೆ ಅಕ್ಷರವೇ ಉದುರುತ್ತದೆ.

ಎಣ್ಣೆ, ಕುಂಕುಮ ಹಚ್ಚಿ ಪೂಜಿಸುವ ಕಲ್ಲಿನ ಜಿಡ್ಡನ್ನು ತೆಗೆಯಲು ಹೋಗಬೇಡಿ. ಅದು ಊರಿನ ದೇವರು. ಜೊತೆಗೆ ಎಣ್ಣೆ ಕುಡಿದ ಕಲ್ಲಿಗೆ ಸೋಡಾ, ಆ್ಯಸಿಡ್ ಹಾಕಿದರೆ ಮೈ ಬಿಳಿಚಿ ಪುಡಿಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಸುಣ್ಣ, ಆಯಿಲ್ ಪೇಂಟ್ ಬಳಿದ ಕಲ್ಲಿಗೂ ಇದೇ ಮಾತು: ಬಣ್ಣ ಕೆರೆಯುವುದು ತರಬೇತಿ ಆದವರ ಕೆಲಸ. ಬಣ್ಣದ ಮೇಲೂ ಓರೆ ಬೆಳಕಿಗೆ ಅಕ್ಷರ ಕಾಣುತ್ತದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸೀಮೆಸುಣ್ಣದಿಂದ ಅಕ್ಷರ ತುಂಬುವ ಚಾಳಿಯನ್ನಂತೂ ಬಿಡಲೇಬೇಕು. ತುಂಬಿದವರು ಓದಿದ್ದನ್ನು ತುಂಬಿರುತ್ತಾರೆ, ತಪ್ಪು ಓದಿದ್ದರೆ ಮುಂದಿನವರೆಲ್ಲ ಆ ತಪ್ಪನ್ನೇ ಓದುತ್ತಾರೆ.

ನೀರಿನ ಇನ್ನೊಂದು ಉಪಯೋಗ ಇದೆ. ಬೆಳಿಗ್ಗೆ ಕಲ್ಲು ತಣ್ಣಗಿರುವಾಗ ಮೈತುಂಬ ತೆಳುವಾಗಿ ನೀರು ಸ್ಪ್ರೇ ಮಾಡಿ ಕಾಯಿರಿ. ಉಬ್ಬಿದ ಮೈ ಮೊದಲು ಆರುತ್ತದೆ, ಕೊರೆದ ಗೆರೆಯಲ್ಲಿ ತೇವ ನಿಲ್ಲುತ್ತದೆ. ಎರಡು ಮೂರು ನಿಮಿಷದ ಹೊತ್ತು ಬೂದು ಕಲ್ಲಿನ ಮೇಲೆ ಅಕ್ಷರಗಳು ಕಪ್ಪಗೆ ಎದ್ದು ನಿಲ್ಲುತ್ತವೆ, ಆಗಲೇ ಬರೆದ ಹಾಗೆ. ಕ್ಯಾಮೆರಾ ಮೊದಲೇ ಸಜ್ಜಾಗಿರಲಿ, ಆ ಗಳಿಗೆ ಬೇಗ ಕಳೆಯುತ್ತದೆ. ನಡುಹಗಲು ಕಾದ ಕಲ್ಲಿಗೆ ನೀರು ಹಾಕಿದರೆ ಎಲ್ಲ ಒಟ್ಟಿಗೆ ಆರಿಬಿಡುತ್ತದೆ, ಪ್ರಯೋಜನವಿಲ್ಲ.

ಓರೆ ಬೆಳಕು

ಇದೇ ಈ ಕೆಲಸದ ಜೀವ. ಎದುರಿನಿಂದ ಬಿಸಿಲು ಬಿದ್ದ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು, ಹತ್ತರಿಂದ ಇಪ್ಪತ್ತು ಡಿಗ್ರಿಯ ಓರೆಯಲ್ಲಿ ಬಂದರೆ ಪ್ರತಿ ಗೆರೆಯೂ ತನ್ನ ನೆರಳು ತಾನು ಚೆಲ್ಲುತ್ತದೆ.

ನೆಲಕ್ಕೆ ಹಾಸಿದ ಬಂಡೆಯ ಬರಹಕ್ಕೆ ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು ಸರಿ. ನಿಂತ ಕಲ್ಲು ಮೂಡಲಿಗೆ ಮುಖ ಮಾಡಿದ್ದರೆ ಬೆಳಗಿನ ಎಳೆಬಿಸಿಲಲ್ಲಿ ಏನೂ ಕಾಣದು. ಅದನ್ನು ಓದುವ ಹೊತ್ತು ಬಿಸಿಲು ಅದರ ಮುಖ ಬಿಟ್ಟು ಹೋಗುವ ಮುಂಚಿನ ಅರ್ಧ ಗಂಟೆ, ಅಂದರೆ ನಡುಹಗಲಿಗೆ ಮುಂಚೆ. ಪಡುವಲ ಮುಖದ ಕಲ್ಲಿಗೆ ನಡುಹಗಲು ಕಳೆದ ಮೇಲಿನ ಅರ್ಧ ಗಂಟೆ. ನಮ್ಮ ಸೀಮೆಯಲ್ಲಿ ನಡುಹಗಲು ಎಂದರೆ ಗಡಿಯಾರದ 12 ಅಲ್ಲ, 12 ಗಂಟೆ 25 ನಿಮಿಷದ ಆಸುಪಾಸು. ಬಡಗಲು ಮುಖದ ಕಲ್ಲು ಕಷ್ಟದ್ದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಬಡಗಲಿಗೆ ಸರಿದಿರುತ್ತಾನೆ. ಆಗ ಅಂಥ ಕಲ್ಲಿಗೆ ಮೇಲಿನಿಂದ ಸೊಗಸಾದ ಓರೆ ಬಿಸಿಲು ಸಿಗುತ್ತದೆ. ಜೂನ್‌ನಲ್ಲಿ ಮೋಡವಿಲ್ಲದ ದಿನ ಸಿಕ್ಕರೆ ಬಿಡಬೇಡಿ.

ಅಷ್ಟು ಕಾಯಲಾಗದಿದ್ದರೆ ಕನ್ನಡಿ. ಒಬ್ಬರು ಕರಿ ಛತ್ರಿ ಹಿಡಿದು ಕಲ್ಲಿಗೆ ನೇರ ಬೀಳುವ ಬಿಸಿಲು ತಡೆಯಬೇಕು. ಇನ್ನೊಬ್ಬರು ಎಂಟು ಹತ್ತು ಅಡಿ ದೂರ, ಕಲ್ಲಿನ ಮಗ್ಗುಲಿಗೆ ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಮೇಲೆ ಹಾಯಿಸಬೇಕು. ಕನ್ನಡಿಯ ಬೆಳಕು ಓದುವವರ ಕಣ್ಣಿಗೆ ಬೀಳದಂತೆ ಎಚ್ಚರವಿರಲಿ. ಗುಡಿಯ ಒಳಗಿನ ಕಂಬ, ತೊಲೆಗಳಿಗೆ ಟಾರ್ಚ್: ಒಂದೂವರೆ ಎರಡು ಅಡಿ ದೂರ, ಗೋಡೆಗೆ ಒರಗಿಸಿದಷ್ಟು ಓರೆ. ಮಗ್ಗುಲಿನಿಂದ ಬಂದ ಬೆಳಕಿಗೆ ನಿಂತ ಗೆರೆಗಳು ಕಾಣುತ್ತವೆ, ಮೇಲಿನಿಂದ ಬಂದದ್ದಕ್ಕೆ ತಲೆಕಟ್ಟಿನಂಥ ಅಡ್ಡಗೆರೆಗಳು. ಕನ್ನಡದ ಅಕ್ಷರ ದುಂಡಗಿರುವುದರಿಂದ ಎರಡೂ ಬೇಕು, ಒಂದರಲ್ಲೇ ಓದಿದರೆ ಅರ್ಧ ಅಕ್ಷರವನ್ನಷ್ಟೇ ಓದಿದಂತೆ.

ಫೋಟೊ

ಮೊದಲು ಇಡೀ ಕಲ್ಲು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಆಮೇಲೆ ಮೇಲಿಂದ ಕೆಳಗೆ ನಾಲ್ಕೈದು ಸಾಲುಗಳ ತುಂಡು ತುಂಡಾಗಿ, ಒಂದು ಫೋಟೊದ ಕೊನೆಯ ಎರಡು ಸಾಲು ಮುಂದಿನದರಲ್ಲೂ ಬರುವಂತೆ. ಫೋನು ಕಲ್ಲಿನ ಮೈಗೆ ಸಮಾನಾಂತರವಾಗಿರಲಿ. ಬಾಗಿದರೆ ಮೇಲಿನ ಸಾಲು ದೊಡ್ಡದು, ಕೆಳಗಿನದು ಚಿಕ್ಕದಾಗಿ, ಅಳಿದ ಜಾಗದಲ್ಲಿ ಎಷ್ಟು ಅಕ್ಷರ ಇದ್ದವು ಎಂಬ ಲೆಕ್ಕ ತಪ್ಪುತ್ತದೆ. ಹತ್ತಿರ ಹೋಗಿ ಅಗಲ ಲೆನ್ಸಲ್ಲಿ ತೆಗೆಯುವುದಕ್ಕಿಂತ ಎರಡು ಹೆಜ್ಜೆ ಹಿಂದೆ ಸರಿದು 2x ಇಟ್ಟುಕೊಳ್ಳಿ. ಫ್ಲ್ಯಾಶ್ ಬೇಡ, ಬೆಳಕು ಒಂದು ಹಂತ ಕಡಿಮೆ ಇಡಿ.

ಒಂದು ವಿಚಿತ್ರ ಎದುರಾಗುತ್ತದೆ: ಬೆಳಕು ಕೆಳಗಿನಿಂದ ಬಿದ್ದ ಫೋಟೊದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ. ಕಣ್ಣು ಸದಾ ಮೇಲಿನ ಬೆಳಕಿಗೆ ಒಗ್ಗಿರುವುದೇ ಕಾರಣ. ಬೆಳಕನ್ನು ಎಡ ಮೇಲಿನಿಂದ ಹಾಯಿಸಿದರೆ ಈ ತೊಡಕು ಬರುವುದಿಲ್ಲ. ಮನೆಗೆ ಬಂದ ಮೇಲೆ ಫೋಟೊವನ್ನು ಕಪ್ಪು ಬಿಳುಪು ಮಾಡಿ, ಬಣ್ಣ ತಿರುವುಮುರುವು ಮಾಡಿ ಇನ್ನೊಮ್ಮೆ ನೋಡಿ. ಕಣ್ಣು ತಪ್ಪಿಸಿಕೊಂಡಿದ್ದ ಒಂದೆರಡು ಅಕ್ಷರ ಸಿಕ್ಕೇ ಸಿಗುತ್ತವೆ.

ಪಡಿಯಚ್ಚಿನ ಬಗ್ಗೆ

ಪಡಿಯಚ್ಚು ಎಂದರೆ ಕಲ್ಲಿನ ಬರಹವನ್ನು ಕಾಗದದ ಮೇಲೆ ಒತ್ತಿ ತೆಗೆಯುವ ನಕಲು. ಉದ್ದ ನಾರಿನ, ಅಂಟು ಸವರದ ಕೈಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ನೇರವಾಗಿ ತಟ್ಟಿ ತಟ್ಟಿ ಗೆರೆಯೊಳಗೆ ಇಳಿಸುತ್ತಾರೆ. ಕಾಗದ ಮುಕ್ಕಾಲು ಆರಿ ಇನ್ನೂ ತುಸು ತೇವ ಇರುವಾಗ, ಹತ್ತಿ ತುಂಬಿ ಬಟ್ಟೆ ಕಟ್ಟಿದ ಗುಂಡಿಗೆ ಮಸಿ ಮುಟ್ಟಿಸಿ ಮೇಲೆ ಒತ್ತುತ್ತಾರೆ. ಮೈ ಕಪ್ಪಾಗಿ, ಇಳಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ದೀಪದ ಕಾಡಿಗೆ ಮತ್ತು ಗೋಂದಿನದು.

ಕೇಳಲು ಸುಲಭ, ಕೆಡುವುದೂ ಸುಲಭ. ಬ್ರಷ್ಷನ್ನು ತಟ್ಟದೆ ಉಜ್ಜಿದರೆ ಕಾಗದ ಹರಿಯುತ್ತದೆ. ಕೆಳಗೆ ಗಾಳಿಗುಳ್ಳೆ ಉಳಿದರೆ ಅಲ್ಲಿಯ ಅಕ್ಷರ ಬರುವುದಿಲ್ಲ. ಕಾಗದ ಹಸಿಯಿದ್ದಾಗಲೇ ಮಸಿ ಒತ್ತಿದರೆ ಅದು ಇಳಿದು ಕಲ್ಲಿಗೇ ಹತ್ತುತ್ತದೆ, ಆ ಕಪ್ಪು ವರ್ಷಗಟ್ಟಲೆ ಹೋಗದು. ಬೇಸಿಗೆಯ ಬಿಸಿಗಾಳಿಗೆ ಕಾಗದದ ಅಂಚು ಮೊದಲೇ ಒಣಗಿ ಎದ್ದುಬಿಡುತ್ತದೆ. ಹಾಗಾಗಿ ತರಬೇತಾದವರು ಪಕ್ಕದಲ್ಲಿಲ್ಲದೆ, ಅನುಮತಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಕಲಿಯುವ ಆಸೆಯಿದ್ದರೆ ಮನೆಯ ಹಳೆಯ ಒಳಕಲ್ಲಿನ ಮೇಲೋ ಕೆತ್ತಿದ ಹೆಸರಿನ ಹೊಸ ಫಲಕದ ಮೇಲೋ ಕಲಿಯಿರಿ. ಓದುವುದಕ್ಕೆ ಒಳ್ಳೆಯ ಫೋಟೊ ಸಾಕು.

ಅಕ್ಷರ ಹಿಡಿಯುವುದು

ಮೊದಲ ಸಾಲಿನಿಂದ ಶುರು ಮಾಡಬೇಡಿ ಎಂಬುದು ನಮ್ಮ ಸಲಹೆ. ಮೊದಲ ಸಾಲುಗಳು ಮಳೆ ಬಿಸಿಲಿಗೆ ಹೆಚ್ಚು ಸವೆದಿರುತ್ತವೆ. ಗೊತ್ತಿರುವ ಮಾತೊಂದನ್ನು ಕಲ್ಲಿನಲ್ಲಿ ಹುಡುಕಿ, ಅದರ ಅಕ್ಷರಗಳಿಂದ ಆ ಲಿಪಿಕಾರನ ಕೈ ಕಲಿಯಿರಿ. ಹುಡುಕಬೇಕಾದ ಮಾತುಗಳು ಇವು: ‘ಸ್ವಸ್ತಿ ಶ್ರೀ’, ‘ಶಕವರ್ಷ’, ‘ಸಂವತ್ಸರದ’, ‘ಧಾರಾಪೂರ್ವ್ವಕಂ’, ‘ಮಂಗಳ ಮಹಾ ಶ್ರೀ’. ಶಿವಪರ ಶಾಸನದ ಆರಂಭದಲ್ಲಿ ‘ನಮಸ್ತುಂಗ ಶಿರಶ್ಚುಂಬಿ’ ಎಂಬ ಶ್ಲೋಕ, ಜೈನರದ್ದರಲ್ಲಿ ‘ಶ್ರೀಮತ್ಪರಮಗಂಭೀರ’ ಎಂಬುದು ಬರುವುದು ರೂಢಿ. ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪದ ಶ್ಲೋಕ ಬಂದರೆ ಭಾಗ್ಯ. ಅದರ ಪಾಠ ನಿಮಗೆ ಮೊದಲೇ ಗೊತ್ತು, ಮೂವತ್ತು ಅಕ್ಷರದ ಕೀಲಿಕೈ ಒಮ್ಮೆಲೇ ಸಿಕ್ಕಂತೆ. ಆ ಕೀಲಿಕೈಯನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಚಿತ್ರ ಬರೆದಂತೆ ಬರೆದಿಟ್ಟುಕೊಂಡು, ಆಮೇಲೆ ಮೇಲಿನಿಂದ ಸಾಲು ಸಾಲಾಗಿ ಬನ್ನಿ.

ಎಡವುವ ಜಾಗಗಳು. ‘ಮ’ದ ಬಲಗಡೆಯ ಬಾಲ ಸವೆದರೆ ಅದು ‘ವ’ ಆಗುತ್ತದೆ. ತಲೆ ತೆರೆದಿದ್ದರೆ ‘ಪ’, ಮುಚ್ಚಿದ್ದರೆ ‘ವ’, ಹೊಟ್ಟೆಯೊಳಗೆ ಗೆರೆಯಿದ್ದರೆ ‘ಷ’. ಮಹಾಪ್ರಾಣದ ಸೀಳು ಕಾಣುವುದು ಅಪರೂಪ, ‘ದ’ವೋ ‘ಧ’ವೋ ಎಂಬುದು ಮಾತಿನ ಅರ್ಥದಿಂದಲೇ ತಿಳಿಯಬೇಕು. ಎ-ಏ, ಒ-ಓ ಹ್ರಸ್ವ ದೀರ್ಘ ಒಂದೇ ಗುರುತು. ‘ರ್’ ಬಂದ ಮೇಲಿನ ವ್ಯಂಜನ ಇಮ್ಮಡಿಯಾಗುತ್ತದೆ: ಧರ್ಮ್ಮ, ಕೀರ್ತ್ತಿ, ಪೂರ್ವ್ವ. ಇದು ತಪ್ಪಲ್ಲ, ತಿದ್ದಬೇಡಿ. ‘ಸಕವರ್ಷ’, ‘ಸಾಸನ’ ಎಂದು ಶಕಾರದ ಜಾಗದಲ್ಲಿ ಸಕಾರ ಇದ್ದರೆ ಹಾಗೇ ಬರೆದುಕೊಳ್ಳಿ. ಈಗ ಬಳಕೆಯಲ್ಲಿಲ್ಲದ ಱ, ೞ ಎರಡನ್ನೂ ಗುರುತಿಸಲು ಕಲಿಯಿರಿ. ‘ಪಳ್ಳಿ’ ಎಂದಿದ್ದರೆ ಹಳೆಯ ಕೈ, ‘ಹಳ್ಳಿ’ ಎಂದಿದ್ದರೆ ಆಮೇಲಿನದು. ಕಾಲ ನಮೂದಿಸದ ಕಲ್ಲಿಗೆ ಇಂಥ ಸುಳಿವೇ ಆಧಾರ.

ಸಾಲಿನ ಕೊನೆಯಲ್ಲಿ ಪದ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ, ಪದಗಳ ನಡುವೆ ತೆರಪು ಇರುವುದಿಲ್ಲ. ‘ಶು ೧೪ ಲು’ ಎಂದು ಕಂಡರೆ ‘ಶು’ ಎಂದರೆ ಶುದ್ಧ ಪಕ್ಷ, ಆ ‘ಲು’ ಬೇರೆ ಪದವಲ್ಲ, ಹದಿನಾಲ್ಕರಲ್ಲಿ ಎಂಬುದರ ಪ್ರತ್ಯಯ. ನಾಡಿನ ಹೆಸರಿನ ಮುಂದಿನ ಅಂಕಿಯನ್ನು ವರ್ಷ ಎಂದುಕೊಳ್ಳುವವರೂ ಇದ್ದಾರೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆ ‘ಎಡೆದೊರೆ ಎರಡು ಸಾಸಿರ’, ಬಳ್ಳಾರಿ ಕಡೆಯದ್ದು ‘ನೊಳಂಬವಾಡಿ ಮೂವತ್ತೆರಡು ಸಾಸಿರ’. ಅವು ನಾಡಿನ ಹೆಸರಿಗೇ ಅಂಟಿದ ಸಂಖ್ಯೆಗಳು.

ಕಾಲದ ಲೆಕ್ಕ

ಶಕವರ್ಷಕ್ಕೆ 78 ಸೇರಿಸಿದರೆ ಇಸವಿ. ವರ್ಷ ಚೈತ್ರಕ್ಕೆ ಶುರುವಾಗುವುದರಿಂದ ಮಾಘ, ಫಾಲ್ಗುಣಕ್ಕೆ 79 ಸೇರಿಸಬೇಕು. ಪುಷ್ಯ ಎರಡು ಇಸವಿಗೂ ಚಾಚುತ್ತದೆ, ಅದಕ್ಕೆ ತಿಥಿ ನೋಡಿ. ಆರನೆಯ ವಿಕ್ರಮಾದಿತ್ಯ ಶುರು ಮಾಡಿದ ಚಾಲುಕ್ಯ ವಿಕ್ರಮ ವರ್ಷ ಇದ್ದರೆ 1075 ಸೇರಿಸಿ: 37ನೆಯ ವರ್ಷ ಎಂದರೆ 1112-13, ಇಟಗಿಯ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳುವ ಶಾಸನದ ಕಾಲ.

ಇಷ್ಟಕ್ಕೇ ನಿಲ್ಲದೆ ಸಂವತ್ಸರದ ಹೆಸರಿನಿಂದ ತಾಳೆ ನೋಡಲೇಬೇಕು. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. ಅರವತ್ತು ಹೆಸರೂ ಮನೆಯ ಪಂಚಾಂಗದಲ್ಲಿವೆ. ಹೊಳೆಯಾಚೆ ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನವನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. 1430ಕ್ಕೆ 12 ಕೂಡಿಸಿದರೆ 1442, ಶೇಷ 2, ಅಂದರೆ ವಿಭವ. ಶುಕ್ಲ ಮೂರನೆಯದು, ಅದು ಬರುವುದು 1431ಕ್ಕೆ. ಹೀಗೆ ಒಂದು ವರ್ಷದ ಹೆಚ್ಚುಕಡಿಮೆ ಕಲ್ಲುಗಳಲ್ಲಿ ಮಾಮೂಲು. ಆಗ ಸಂವತ್ಸರದ ಹೆಸರನ್ನೇ ಹೆಚ್ಚು ನಂಬಬೇಕು, ಜನರ ಬಾಯಲ್ಲಿ ನಿತ್ಯ ಇದ್ದದ್ದು ಅದು. 1431ಕ್ಕೆ, ಮಾಘವಾದ್ದರಿಂದ, 79 ಕೂಡಿಸಿದರೆ 1510ರ ಜನವರಿ. ಬರೀ 78 ಕೂಡಿಸಿ ಕೈಬಿಟ್ಟವರಿಗೆ 1508 ಬಂದಿರುತ್ತದೆ, ಎರಡು ವರ್ಷ ಹಿಂದೆ.

ವರ್ಷವನ್ನು ಅಂಕಿಯ ಬದಲು ಸಂಕೇತದ ಮಾತಿನಲ್ಲಿ ಹೇಳಿದ್ದರೆ ಬಲದಿಂದ ಎಡಕ್ಕೆ ಓದಿ. ಗಗನ ಸೊನ್ನೆ, ಶಶಿ ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಮುನಿ ಏಳು, ವಸು ಎಂಟು, ರಂಧ್ರ ಒಂಬತ್ತು.

ದಾನ ಮತ್ತು ಎಲ್ಲೆ

ನಮಗೆ ತುಂಬ ಪ್ರೀತಿಯ ಭಾಗ ಇದು. ರಾಜನ ಬಿರುದುಗಳು ಎಲ್ಲ ಕಲ್ಲಿನಲ್ಲೂ ಒಂದೇ. ಊರಿನ ಜೀವ ಇರುವುದು ಆಮೇಲಿನ ಸಾಲುಗಳಲ್ಲಿ. ಗ್ರಹಣದಲ್ಲೋ ಸಂಕ್ರಾಂತಿಯಲ್ಲೋ ತುಂಗಭದ್ರೆಯ ತೀರದಲ್ಲಿ ನೀರು ಬಿಟ್ಟು ಧಾರೆ ಎರೆದ ಭೂಮಿ, ಎಣ್ಣೆ ಗಾಣದ ಸುಂಕ, ಹೂದೋಟ. ಭೂಮಿ ‘ಮತ್ತರು’, ‘ಕಮ್ಮ’ಗಳಲ್ಲಿ, ಹಣ ‘ಗದ್ಯಾಣ’, ‘ಪಣ’ಗಳಲ್ಲಿ. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಪಾಲು ವೀಸ. ‘ಗ’ ಎಂದಷ್ಟೇ ಇದ್ದರೆ ಗದ್ಯಾಣದ ಸಂಕ್ಷೇಪ ಇರಬಹುದು. ಮತ್ತರನ್ನು ಎಕರೆಗೆ ಇಳಿಸಬೇಡಿ. ಅಳೆಯುವ ಗಳೆ ಒಂದೊಂದು ಕಡೆ ಒಂದೊಂದು ಉದ್ದ.

ಎಲ್ಲೆ ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಸುತ್ತಿ ಹಳ್ಳ, ಕೆಱೆ, ಹುಣಿಸೆ ಮರ, ನಟ್ಟ ಕಲ್ಲುಗಳನ್ನು ಹೆಸರಿಸುತ್ತಾರೆ. ಈ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು ಊರಿನ ಹಿರಿಯ ಒಕ್ಕಲಿನವರ ಬಳಿ ಕೂತು ಓದಿ. ಹಳ್ಳದ ಹೆಸರು ಇಂದಿಗೂ ಅದೇ ಇರುವುದು ಉಂಟು. ಕಾಲುವೆ ಬಂದು ಹೊಲಗಳನ್ನು ಮಟ್ಟ ಮಾಡಿದ ಗಂಗಾವತಿ ಕಡೆ ಅವೆಲ್ಲ ಅಳಿಸುತ್ತಿವೆ, ಹೆಸರು ಬಲ್ಲವರು ಎಪ್ಪತ್ತು ದಾಟಿದವರು. ಈ ಕೆಲಸ ಮುಂದೂಡುವಂಥದ್ದಲ್ಲ.

ಬರೆದಿಡುವ ಕ್ರಮ

ಕಲ್ಲಿನ ಒಂದು ಸಾಲಿಗೆ ನಿಮ್ಮ ಹಾಳೆಯಲ್ಲೂ ಒಂದು ಸಾಲು, ಮುಂದೆ ಸಾಲಿನ ಸಂಖ್ಯೆ. ಅನುಮಾನದ ಅಕ್ಷರಕ್ಕೆ ಚೌಕ ಆವರಣ, ಅಳಿದ ಅಕ್ಷರಕ್ಕೆ ಒಂದೊಂದು ಚುಕ್ಕೆ. ಎಷ್ಟು ಎಂದು ತಿಳಿಯದಿದ್ದರೆ ಮೇಲಿನ ಸಾಲಿನ ಅಕ್ಷರಗಳ ಅಗಲದಿಂದ ಅಳೆಯಿರಿ. ಕಾಗುಣಿತ ತಿದ್ದಬೇಡಿ. ತಿದ್ದಿದ್ದನ್ನು ಅಡಿಯಲ್ಲಿ ಬೇರೆ ಬರೆಯಿರಿ. ಇಬ್ಬರು ಬೇರೆ ಬೇರೆ ಓದಿ, ಆಮೇಲೆ ಹೋಲಿಸಿ. ಹೋಲದ ಜಾಗಕ್ಕೆ ಮತ್ತೆ ಕಲ್ಲಿನ ಹತ್ತಿರವೇ ಹೋಗಿ, ಫೋಟೊ ಮುಂದೆ ವಾದ ಮಾಡಿ ತೀರ್ಮಾನಿಸಬೇಡಿ.

ಪಕ್ಕದ ಹಾಳೆಯಲ್ಲಿ ಊರು, ತಾಲ್ಲೂಕು, ಕಲ್ಲಿನ ಎತ್ತರ ಅಗಲ ದಪ್ಪ, ಮುಖ ಯಾವ ದಿಕ್ಕಿಗೆ, ಒಟ್ಟು ಸಾಲು, ಅಕ್ಷರದ ಎತ್ತರ, ಯಾವುದಾದರೂ ಕದಲದ ಗುರುತಿನಿಂದ ಎಷ್ಟು ಹೆಜ್ಜೆ, ನೋಡಿದ ದಿನ ಬರೆಯಿರಿ. ಫೋನಿನ ಅಕ್ಷಾಂಶ ರೇಖಾಂಶವನ್ನು ಐದು ದಶಮಾಂಶದವರೆಗೆ ಬರೆದಿಡಿ, ಆದರೆ ಒಂಟಿ ಬಿದ್ದ ಕಲ್ಲಿನದ್ದಾದರೆ ಅದನ್ನು ಜಾಲತಾಣದಲ್ಲಿ ಹಾಕಬೇಡಿ. ನಿಧಿಗಳ್ಳರ ಕಾಟ ಈ ಸೀಮೆಯಲ್ಲಿ ಬಹಳ. 2019ರ ಜುಲೈನಲ್ಲಿ ನವವೃಂದಾವನದ ಗಡ್ಡೆಯ ವ್ಯಾಸರಾಯರ ವೃಂದಾವನವನ್ನೇ ಕೆಡವಿದ್ದರು. ಕಲ್ಲಿನ ಮೇಲಿನ ಸೂರ್ಯ ಚಂದ್ರ ಹೊನ್ನಿನ ಗುರುತಲ್ಲ. ಸೂರ್ಯ ಚಂದ್ರರು ಇರುವತನಕ ಈ ದಾನ ನಡೆಯಲಿ ಎಂಬ ಮಾತಿನ ಚಿತ್ರ ಅದು. ನೀವು ಕಲ್ಲು ಓದುವಾಗ ಸುತ್ತ ನೆರೆದವರಿಗೆ ಇದನ್ನು ಬಾಯಿಬಿಟ್ಟು ಹೇಳಿ, ‘ಆಚಂದ್ರಾರ್ಕ’ ಎಂಬ ಪದ ಕಲ್ಲಿನಲ್ಲೇ ಇದ್ದರೆ ಬೆರಳಿಟ್ಟು ತೋರಿಸಿ.

ಕಲ್ಲು ಹೊಸದಾಗಿ ಸಿಕ್ಕಿತು ಎಂದು ಹೇಳುವ ಮುಂಚೆ ಅಚ್ಚಾಗಿದೆಯೇ ನೋಡಬೇಕು. ಹಳೆಯ ಆಡಳಿತದ ಗಡಿ ಗೊತ್ತಿಲ್ಲದೆ ಹುಡುಕಿದರೆ ಸಿಗುವುದಿಲ್ಲ. ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿಯ ಶಾಸನಗಳು ಹೈದರಾಬಾದಿನ ಪುರಾತತ್ವ ಪ್ರಕಟಣೆಗಳಲ್ಲಿವೆ. ಬಳ್ಳಾರಿ 1953ರವರೆಗೆ ಮದರಾಸಿನದ್ದು, ಅದರವು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯಲ್ಲಿವೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಅದಕ್ಕೆ ಮುಂಚಿನ ಪಟ್ಟಿಗಳಲ್ಲಿ ಆನೆಗೊಂದಿಯನ್ನು ರಾಯಚೂರಿನ ಕೆಳಗೆ ಹುಡುಕಬೇಕು. ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ, ಮೊದಲು ಅವನ್ನೇ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ ಫೋಟೊ ಮತ್ತು ನಿಮ್ಮ ಪಾಠವನ್ನು ಮೈಸೂರಿನ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಕಳಿಸಿ. ನೆಲ ಅಗೆಯುವಾಗ ಕಲ್ಲೋ ತಾಮ್ರಪಟವೋ ನಾಣ್ಯವೋ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ಬರಹದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದ್ದರೆ ನೀವೇ ಎತ್ತಿ ನಿಲ್ಲಿಸಲು ಹೋಗಬೇಡಿ, ಬುಡ ಸಡಿಲಾದ ಗ್ರಾನೈಟು ಉರುಳಿದರೆ ಕಾಲೂ ಉಳಿಯದು, ಕಲ್ಲೂ ಉಳಿಯದು. ಗ್ರಾಮ ಪಂಚಾಯಿತಿಗೆ ಬರೆದುಕೊಡಿ. ಬರಹದ ಮೈ ಕೆಳಗಾಗಿ ಬಿದ್ದಿದ್ದರೆ ಹಾಗೇ ಇರಲಿ, ಮಳೆಯಿಂದಲೂ ಕಾಲ್ತುಳಿತದಿಂದಲೂ ಅದು ಹಾಗೆಯೇ ಸುರಕ್ಷಿತ. ಓದಿದ ಪಾಠದ ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ, ಈಗಿನ ಕನ್ನಡದ ಅರ್ಥದೊಂದಿಗೆ ಬರೆಸಿ ಊರ ಶಾಲೆಗೆ ಕೊಡಿ, ಇನ್ನೊಂದನ್ನು ಗುಡಿಯ ಪೂಜಾರರಿಗೆ.